ಗ್ರೋತ್ ಅನ್ನೋ ಕಾಯಿಲೆ

"ಫೇಲ್ ಸಾರ್" ಅಂದ ಹುಡುಗ, ಕಂಪ್ಯೂಟರಿಂದ ತಲೆ ಎತ್ತದೆ.

ನಾನು ಪರೀಕ್ಷೆಯಲ್ಲಿ ಫೇಲಾಗಿ ಬಹಳ ವರ್ಷ ಆಗಿತ್ತು. ಅದೂ ಹೀಗೆ, ಕೆ.ಆರ್. ಪುರದಲ್ಲಿ ಹಳೆ ಮದ್ರಾಸ್ ರಸ್ತೆ ಪಕ್ಕ ನಿಂತಿರೋ ಒಂದು ವ್ಯಾನಿನ ಮುಂದೆ, ಹಿಂದೆ ನಾಲ್ಕು ಆಟೋ ಕ್ಯೂ ನಿಂತು ಹಾರ್ನ್ ಹೊಡೀತಿರುವಾಗ. ಹುಡುಗ ಸೈಲೆನ್ಸರಿನಿಂದ ಕೊಳವೆ ಎಳೆದು ಸ್ಕ್ರೀನ್ ನನ್ನ ಕಡೆ ತಿರುಗಿಸಿದ. ಕಾರ್ಬನ್ ಮೊನಾಕ್ಸೈಡ್ 1.9. ನಮ್ಮ ಕಾರಿನ ಕಾಲದ ಪೆಟ್ರೋಲ್ ಗಾಡಿಗಳಿಗೆ ಇರೋ ಮಿತಿ ಶೇ. 0.5. ಸುಡದೆ ಉಳಿದ ಪೆಟ್ರೋಲಿನ ಲೆಕ್ಕವೂ ಮಿತಿ ದಾಟಿತ್ತು.

"ಕ್ಯಾಟ್‌ಕಾನ್ ಹೋಗಿರ್ಬೇಕು ಸಾರ್. ಮೆಕ್ಯಾನಿಕ್‌ಗೆ ತೋರ್ಸಿ."

ಕ್ಯಾಟ್‌ಕಾನ್ ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್. ಇಂಜಿನಿಗೂ ಸೈಲೆನ್ಸರಿಗೂ ಮಧ್ಯ ಇರೋ ಒಂದು ಸ್ಟೀಲ್ ಡಬ್ಬಿ. ಹೊಗೆಯಲ್ಲಿರೋ ವಿಷಾನಿಲಗಳನ್ನು ನೀರು, ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್ ಮಾಡಿ ಕಳಿಸೋದು ಅದರ ಕೆಲಸ. ಇದನ್ನು ಆ ಹುಡುಗ ನನಗೆ ಹೇಳಬೇಕಾಗಿರಲಿಲ್ಲ. ಪಿಎಚ್‌ಡಿ ಹೆಸರಿನಲ್ಲಿ ನಾನು ಐದು ವರ್ಷ ಮಾಡಿದ್ದು ಅದನ್ನೇ: ಆ ಡಬ್ಬಿಯೊಳಗಿನ ಲೋಹದ ಕಣಗಳು ಯಾಕೆ ಕೆಲಸ ನಿಲ್ಲಿಸ್ತವೆ ಅನ್ನೋದು. ಡಿಗ್ರಿ ಬಂತು, ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಬೇರೆ ಕೆಲಸ ಸಿಕ್ತು, ಥೀಸಿಸ್ ಅಟ್ಟ ಸೇರಿತು.

ಕಾರು ಅಪ್ಪನದ್ದು. ಅವರು ದೂರವಾಣಿನಗರದ ಐಟಿಐನಲ್ಲಿದ್ದು ರಿಟೈರ್ ಆದವರು. ಫ್ಯಾಕ್ಟರಿಯಿಂದ ವರ್ಷಾ ವರ್ಷ ಬರ್ತಿದ್ದ ಡೈರಿಗಳಲ್ಲಿ ಒಂದನ್ನು ಕಾರಿಗೆ ಅಂತಲೇ ಇಟ್ಟಿದ್ದರು. ಯಾವ ತಾರೀಕು, ಎಷ್ಟು ಕಿಲೋಮೀಟರ್, ಏನು ಬದಲಾಯಿಸಿದ್ದು, ಯಾಕೆ. 'ಯಾಕೆ' ಅನ್ನೋದಕ್ಕೆ ಸ್ಕೇಲಿಟ್ಟು ಗೆರೆ ಹಾಕಿದ ಪ್ರತ್ಯೇಕ ಕಾಲಂ. ಮೊಣಕಾಲು ನೋವು ಶುರುವಾದ ಮೇಲೆ ಓಡಿಸೋದು ಬಿಟ್ಟು ಕೀ ನನಗೆ ಕೊಟ್ಟರು. ಡೈರಿಯನ್ನೂ ಕೊಟ್ಟರು. ಕಾರು ತಗೊಂಡೆ. ಡೈರಿ ಡ್ಯಾಶ್‌ಬೋರ್ಡಿನೊಳಗೆ ಹೋಯ್ತು.

ಈಗ ಹದಿನೈದು ವರ್ಷ ತುಂಬಿ ಎಫ್‌ಸಿ ಮಾಡಿಸೋ ಸಮಯ. ಎಮಿಷನ್ ಸರ್ಟಿಫಿಕೇಟ್ ಇಲ್ಲದೆ ಆರ್‌ಟಿಒ ಕಡೆ ತಲೆ ಹಾಕೋ ಹಾಗಿಲ್ಲ.

ಶಿವಾಜಿನಗರದಲ್ಲಿ ನನಗೆ ಗೊತ್ತಿರೋ ಒಬ್ಬ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಅವರನ್ನು ಭಾಯ್ ಅಂತಾರೆ, ನಾನೂ ಹಾಗೇ. ರಸೆಲ್ ಮಾರ್ಕೆಟ್ಟಿಂದ ನಡೆದು ಹೋಗೋ ದೂರದಲ್ಲಿ, ಒಂದು ಗಲ್ಲಿಯಲ್ಲಿ ಎರಡು ಕಾರು ನಿಲ್ಲೋ ಜಾಗ. ಒಂದು ನಿಮಿಷ ಇಂಜಿನ್ ಸದ್ದು ಕೇಳಿ ಕೇಳಿದರು.

"ಮಿಸ್ಸಿಂಗ್ ಯಾವಾಗಿಂದ ಹೊಡೀತಿದೆ ಸಾರ್?"

ಸುಳ್ಳು ಹೇಳೋಣ ಅನ್ನಿಸ್ತು. ಆದರೆ ಮೆಕ್ಯಾನಿಕ್ ಹತ್ತಿರ ಸುಳ್ಳು ಹೇಳೋದು ಡಾಕ್ಟರ್ ಹತ್ತಿರ ಹೇಳಿದ ಹಾಗೆ, ದುಡ್ಡು ನಮ್ಮದೇ ಹೋಗೋದು. "ನಾಲ್ಕು ತಿಂಗಳಾಯ್ತು" ಅಂದೆ.

ಹೌದು, ನಾಲ್ಕು ತಿಂಗಳು. ಹಲಸೂರಿನಿಂದ ಹೊರಟು ಇಂದಿರಾನಗರ, ಟಿನ್ ಫ್ಯಾಕ್ಟರಿ, ತೂಗುಸೇತುವೆ ದಾಟಿ ಆಫೀಸು. ಸಿಗ್ನಲ್ಲಲ್ಲಿ ನಿಂತಾಗೆಲ್ಲ ಇಂಜಿನ್ ಗಡಗಡ ಅಂತ ಬಿಕ್ಕಳಿಸ್ತಿತ್ತು. ಒಂದು ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಹತ್ತುತ್ತಿಲ್ಲ ಅಂತ ಗೊತ್ತಿತ್ತು. ಮುಂದಿನ ವಾರ ತೋರಿಸೋಣ ಅಂದುಕೊಂಡು ಹಾಡಿನ ಸೌಂಡ್ ಜಾಸ್ತಿ ಮಾಡ್ತಿದ್ದೆ.

ಕಿಡಿ ಹತ್ತದಿದ್ರೆ ಪೆಟ್ರೋಲ್ ಸುಡಲ್ಲ. ಸುಡದ ಪೆಟ್ರೋಲ್ ಆವಿ ಬಳಕೆಯಾಗದ ಗಾಳಿ ಜೊತೆ ಸೀದಾ ಕನ್ವರ್ಟರಿಗೆ ಹೋಗುತ್ತೆ, ಅಲ್ಲಿ ಹೊತ್ತಿಕೊಳ್ಳುತ್ತೆ. ಡಬ್ಬಿಯೊಳಗಿನ ಶಾಖ 1000 ಡಿಗ್ರಿ ದಾಟಬಹುದು. ಇದು ನನ್ನ ಥೀಸಿಸ್ಸಿನ ಮೊದಲನೇ ಅಧ್ಯಾಯದಲ್ಲೇ ಇದೆ. ನಾನೇ ಬರೆದದ್ದು.

ಭಾಯ್ ಪ್ಲಗ್ಗು, ಕಾಯಿಲ್ಲು ಬದಲಾಯಿಸಿದರು. ಇಂಜಿನ್ ಸುಮ್ಮನಾಯ್ತು. ಮತ್ತೆ ಟೆಸ್ಟ್ ಮಾಡಿಸಿದರೆ ಪೆಟ್ರೋಲಿನ ಅಂಕಿ ಮಿತಿಯೊಳಗೆ ಬಂತು, ಕಾರ್ಬನ್ ಮೊನಾಕ್ಸೈಡ್ 0.9ರಲ್ಲೇ ನಿಂತಿತು. ಕೊನೆಗೆ ಡಬ್ಬಿ ಬಿಚ್ಚಿ ಕೈಗೆ ಕೊಟ್ಟರು. ಮೊಬೈಲ್ ಟಾರ್ಚ್ ಹಾಕಿ ಬಾಯಲ್ಲಿ ಇಣುಕಿದೆ. ಜೇನುಗೂಡಿನ ಹಾಗೆ ಸಾಲು ಸಾಲು ಚೌಕ ಕಿಂಡಿಗಳು, ಒಂದು ಚದರ ಇಂಚಿಗೆ 400ರಷ್ಟು. ಒಂದೂ ಮುರಿದಿಲ್ಲ, ಕರಗಿಲ್ಲ, ಕಟ್ಟಿಕೊಂಡಿಲ್ಲ. ನೋಡೋಕೆ ಹೊಸದರ ಹಾಗೇ.

"ಚೆನ್ನಾಗೇ ಇದೆಯಲ್ಲ ಭಾಯ್."

"ನೋಡೋಕೆ ಚೆನ್ನಾಗೇ ಇರುತ್ತೆ ಸಾರ್" ಅಂದು ಪ್ಲಾನ್ ಹೇಳಿದರು. ಹೊಸದು ಕಂಪನಿಯದ್ದು ಹಾಕಿಸಿದ್ರೆ ಇಷ್ಟಾಗುತ್ತೆ (ಹೇಳಿದ ಮೊತ್ತ ನನ್ನ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಇತ್ತು). ಬೇಡ ಅಂದ್ರೆ ಇದರೊಳಗಿನ ಕಲ್ಲು ಹೊಡೆದು ತೆಗೆದು, ಖಾಲಿ ಡಬ್ಬಿ ಹಾಗೇ ವಾಪಸ್ ಕೂರಿಸಬಹುದು. ಪಿಕಪ್ಪೂ ಬರುತ್ತೆ. ಸರ್ಟಿಫಿಕೇಟ್ ಅವರೇ ಎಲ್ಲಿಂದಲೋ ಮಾಡಿಸ್ತಾರೆ. ಮೇಲಾಗಿ ಆ ಕಲ್ಲನ್ನು ಪಕ್ಕದ ಗಲ್ಲಿಯ ಗುಜರಿಯವನು ಒಳ್ಳೆ ರೇಟಿಗೆ ತಗೋತಾನೆ. "ಒಳಗೆ ಪ್ಲಾಟಿನಮ್ ಇರುತ್ತಲ್ಲಾ ಸಾರ್."

"ಕೆಟ್ಟೋಗಿರೋದಕ್ಕೂ ಅದೇ ರೇಟಾ?"

"ಕೆಟ್ಟಿದ್ರೇನು, ಚೆನ್ನಾಗಿದ್ರೇನು? ಮಾಲು ಅಷ್ಟೇ ಇರುತ್ತಲ್ಲ." ಅಷ್ಟು ಹೇಳಿ, ಬಟ್ಟೆಯಲ್ಲಿ ಕೈ ಒರೆಸಿಕೊಳ್ತಾ ಅವರೇ ಒಂದು ಪ್ರಶ್ನೆ ಕೇಳಿದರು. "ಅದೇ ನಂಗೆ ಅರ್ಥ ಆಗಲ್ಲ ಸಾರ್. ಪ್ಲಾಟಿನಮ್ ಎಲ್ಲೂ ಹೋಗಿಲ್ಲ, ಒಳಗೇ ಇದೆ. ಮತ್ತ್ಯಾಕೆ ಕೆಲಸ ಮಾಡ್ತಿಲ್ಲ?"

ಥೀಸಿಸ್ ವೈವಾದಲ್ಲೂ ನನಗೆ ಇಷ್ಟು ನೇರವಾಗಿ ಯಾರೂ ಪ್ರಶ್ನೆ ಕೇಳಿರಲಿಲ್ಲ. ಟೀ ತರಿಸಿದರು. ನಾನು ಹೇಳೋಕೆ ಕೂತೆ.

ಒಂದು ಡಬ್ಬಿಯಲ್ಲಿರೋ ಪ್ಲಾಟಿನಮ್, ಪಲ್ಲೇಡಿಯಮ್, ರೋಡಿಯಮ್ ಎಲ್ಲ ಸೇರಿ ಕೆಲವೇ ಗ್ರಾಂ. ಅದನ್ನು ತಗಡು ಮಾಡಿ ಇಟ್ಟರೆ ಪ್ರಯೋಜನ ಇಲ್ಲ, ಯಾಕಂದ್ರೆ ಹೊಗೆ ಮುಟ್ಟೋದು ಮೇಲ್ಮೈಯನ್ನು ಮಾತ್ರ. ಒಳಗೆ ಹೂತ ಪರಮಾಣುಗಳಿಗೆ ಸಂಬಳ ಉಂಟು, ಕೆಲಸ ಇಲ್ಲ. ಹಾಗಾಗಿ ಲೋಹವನ್ನು ಒಂದೆರಡು ನ್ಯಾನೊಮೀಟರಿನ ಕಣಗಳಾಗಿ ಮಾಡ್ತಾರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. 2 ನ್ಯಾನೊಮೀಟರ್ ಅಗಲದ ಪ್ಲಾಟಿನಮ್ ಕಣದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಪರಮಾಣುಗಳು ಹೊರಗೇ ಇರ್ತವೆ, ಕೆಲಸಕ್ಕೆ ಸಿಗ್ತವೆ.

ಈ ಕಣಗಳು ಗಾಳಿಯಲ್ಲಿ ನಿಲ್ಲಲ್ಲ, ಯಾವುದರ ಮೇಲಾದರೂ ಕೂರಬೇಕು. ಆ ಜೇನುಗೂಡಿನ ಕಲ್ಲು ಬರೀ ಕಟ್ಟಡ. ಅದಕ್ಕೆ ಅಲ್ಯೂಮಿನಾ ಅನ್ನೋ ಬಿಳಿ ಪುಡಿಯ ಲೇಪ ಕೊಟ್ಟಿರ್ತಾರೆ. ತೂತುತೂತಾದ ಪುಡಿ. ಅದರ ಒಂದು ಗ್ರಾಮಿನೊಳಗೆ ನೂರು ಚದರ ಮೀಟರಿಗಿಂತ ಹೆಚ್ಚು ಮೇಲ್ಮೈ ಇರುತ್ತೆ. ಬೆಂಗಳೂರಿನ ಭಾಷೆಯಲ್ಲಿ ಹೇಳಬೇಕಂದ್ರೆ ಒಂದು ಚಿಟಿಕೆ ಪುಡಿಯಲ್ಲಿ ಒಂದು ಥರ್ಟಿ ಫಾರ್ಟಿ ಸೈಟು. ಕಣಗಳು ಅಲ್ಲಿ ದೂರ ದೂರ ಕೂತಿರ್ತವೆ. ನಮ್ಮ ಭಾಷೆಯಲ್ಲಿ ಇದಕ್ಕೆ ಸಪೋರ್ಟ್ ಅಂತಾರೆ. ಕನ್ನಡದಲ್ಲಿ ಆಧಾರ ಅನ್ನಬಹುದು (ಕಾರ್ಡಲ್ಲ).

ಈಗ ಶಾಖ ಏರಿಸಿ. ಪ್ಲಾಟಿನಮ್ ಕರಗೋದು 1768 ಡಿಗ್ರಿಗೆ. ಆದರೆ ಲೋಹ ಕರಗೋವರೆಗೂ ಕಾಯಲ್ಲ. ಕೆಲ್ವಿನ್ ಲೆಕ್ಕದಲ್ಲಿ ಅದರ ಅರ್ಧ ಮುಟ್ಟಿದರೆ ಸಾಕು, ಅಂದ್ರೆ ಸುಮಾರು 750 ಡಿಗ್ರಿ, ಪರಮಾಣುಗಳಿಗೆ ಕಾಲು ಬರುತ್ತೆ. ಸಣ್ಣ ಕಣಗಳಿಗೆ ಇನ್ನೂ ಬೇಗ. ಒಂದು ದಾರಿ: ಕಣಕ್ಕೆ ಕಣವೇ ಜಾರಿಹೋಗಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಒಂದಾಗೋದು. ಸಾರಿನ ಮೇಲೆ ತೇಲೋ ಎಣ್ಣೆಹನಿಗಳು ಸೇರಿಕೊಳ್ಳೋ ಹಾಗೆ. ಇನ್ನೊಂದು ದಾರಿ ಸ್ವಲ್ಪ ಕ್ರೂರ. ಕಣಗಳು ಭೇಟಿನೇ ಆಗಲ್ಲ. ಸಣ್ಣ ಕಣದಿಂದ ಒಂದೊಂದೇ ಪರಮಾಣು ಬಿಟ್ಟು ಹೊರಟು ದೊಡ್ಡ ಕಣ ಸೇರುತ್ತೆ. ಸಣ್ಣದು ಸವೆದು ಇಲ್ಲವಾಗುತ್ತೆ, ದೊಡ್ಡದು ಮತ್ತೂ ದೊಡ್ಡದಾಗುತ್ತೆ. ಬೀದಿಯ ಕೊನೆಗೆ ಸೂಪರ್‌ಮಾರ್ಕೆಟ್ ಬಂದ ಮೇಲೆ ಶೆಟ್ಟರಂಗಡಿ ಗಿರಾಕಿಗಳು ಒಬ್ಬೊಬ್ಬರೇ ಕಾಣೆಯಾದ ಹಾಗೆ. ಇದಕ್ಕೆ ಓಸ್ಟ್‌ವಾಲ್ಡ್ ರೈಪನಿಂಗ್ ಅಂತ ಹೆಸರು. ಹಣ್ಣಾಗೋದು ಅಂತ ಅರ್ಥ. ಆ ಓಸ್ಟ್‌ವಾಲ್ಡ್ ಸಾಹೇಬರಿಗೆ ಕ್ಯಾಟಲಿಸ್ಟುಗಳ ಮೇಲಿನ ಕೆಲಸಕ್ಕೆ ನೊಬೆಲ್ ಬಂದದ್ದು 1909ರಲ್ಲಿ, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ಹುಟ್ಟಿದ ವರ್ಷವೇ.

ಲೆಕ್ಕ ನೋಡಿ. 2 ನ್ಯಾನೊಮೀಟರಿನ ಸಾವಿರ ಕಣ ಸೇರಿದರೆ 20 ನ್ಯಾನೊಮೀಟರಿನ ಒಂದು ಕಣ ಆಗುತ್ತೆ. ತೂಕ ಅಷ್ಟೇ. ಮೇಲ್ಮೈ ಹತ್ತರಲ್ಲಿ ಒಂದು ಪಾಲು. ಗುಜರಿಯವನು ತೂಕ ನೋಡ್ತಾನೆ, ಅವನಿಗೆ ನಷ್ಟ ಇಲ್ಲ. ಹೊಗೆ ಮೇಲ್ಮೈ ನೋಡುತ್ತೆ, ಅದಕ್ಕೆ ಕಾರ್ಖಾನೆ ಮುಚ್ಚಿದೆ.

"ಅಂದ್ರೆ ಎಲ್ಲಾ ಒಂದೇ ಕಡೆ ಗುಂಪು ಕಟ್ಕೊಂಡು ಕೂತಿವೆ" ಅಂದರು ಭಾಯ್. ಐದು ವರ್ಷದ ಕೆಲಸ, ಒಂದು ವಾಕ್ಯ.

"ಹಿಡ್ಕೊಳ್ಳೋದು ಯಾರು ಹಾಗಾದ್ರೆ? ಆ ಬಿಳಿ ಪುಡಿ ಅಲ್ವಾ?"

ಅದೇ ವಿಷಯ. ಮಳೆ ನಿಂತ ಮೇಲೆ ಕೆಸುವಿನ ಎಲೆ ನೋಡಿದ್ದೀರಲ್ಲ, ಹನಿಗಳು ಮುತ್ತಿನ ಹಾಗೆ ಗುಂಡಗೆ ನಿಂತಿರ್ತವೆ. ಎಲೆ ಸ್ವಲ್ಪ ಅಲ್ಲಾಡಿದರೆ ಉರುಳಿ ಎಲ್ಲಾ ಒಂದೇ ಹನಿ. ಅದೇ ನೀರು ಒರಟು ಕಲ್ಲಿನ ಗೋಡೆ ಮೇಲೆ ಬಿದ್ದರೆ ಬಿದ್ದ ಜಾಗದಲ್ಲೇ ಅಂಟಿ ಹರಡಿಕೊಳ್ಳುತ್ತೆ, ಸರಿಯಲ್ಲ. ನೀರು ಒಂದೇ, ಕೂತ ಜಾಗ ಬೇರೆ. ಲೋಹಕ್ಕೂ ಹಾಗೇ. ಸಿಲಿಕಾ ಮೇಲೆ ಅನೇಕ ಲೋಹಗಳು ಹೆಚ್ಚುಕಮ್ಮಿ ಕೆಸುವಿನೆಲೆ ಮೇಲಿನ ನೀರು. ಅಲ್ಯೂಮಿನಾ ಅದಕ್ಕಿಂತ ವಾಸಿ. ಆದರೆ 1000 ಡಿಗ್ರಿ ದಾಟಿ ಹೋದರೆ ಅಲ್ಯೂಮಿನಾನೇ ತನ್ನ ಹರಳಿನ ರೂಪ ಬದಲಾಯಿಸಿ, ತೂತುಗಳೆಲ್ಲ ಮುಚ್ಚಿ, ಥರ್ಟಿ ಫಾರ್ಟಿ ಸೈಟು ಬಾತ್‌ರೂಮಷ್ಟಾಗುತ್ತೆ. ದೂರ ದೂರ ಕೂತವರೆಲ್ಲ ಮೈಗೆ ಮೈ ತಾಗಿಸಿ ನಿಲ್ಲಬೇಕು. ಹಾಗಾಗಬಾರದು ಅಂತ ಅದಕ್ಕೆ ಲ್ಯಾಂಥನಮ್ ಬೆರೆಸ್ತಾರೆ. ಅದಕ್ಕೂ ಒಂದು ಮಿತಿ ಇದೆ. ನನ್ನ ನಾಲ್ಕು ತಿಂಗಳು ಆ ಮಿತಿ ದಾಟಿರಬೇಕು.

"ಯೋಚನೆ ಮಾಡಿ ಹೇಳ್ತೀನಿ ಭಾಯ್" ಅಂತ ಕಾರು ಅಲ್ಲೇ ಬಿಟ್ಟು ಹೊರಟೆ. ಎಂ.ಜಿ. ರೋಡಿಗೆ ನಡೆದು ಮೆಟ್ರೋ ಹಿಡಿಯೋಣ ಅಂತ ಜ್ಯುವೆಲರ್ಸ್ ಸ್ಟ್ರೀಟ್ ಕಡೆಯಿಂದ ಬಂದೆ. ಗಾಜಿನ ಹಿಂದೆ ಸಾಲು ಸಾಲು ಚಿನ್ನ. ಚಿನ್ನವನ್ನು ನಾವು ನಂಬೋದೇ ಅದು ಯಾವುದರ ಜೊತೆಗೂ ಸೇರಲ್ಲ, ತುಕ್ಕು ಹಿಡಿಯಲ್ಲ ಅಂತ. ರಸಾಯನಶಾಸ್ತ್ರದವರೂ ಬಹಳ ಕಾಲ ಹಾಗೇ ಅಂದುಕೊಂಡಿದ್ದರು: ಸೋಮಾರಿ ಲೋಹ, ಕ್ಯಾಟಲಿಸ್ಟ್ ಆಗೋಕೆ ನಾಲಾಯಕ್. 1987ರಲ್ಲಿ ಜಪಾನಿನ ಮಾಸಾತಾಕೆ ಹರುತ ಮತ್ತು ಜೊತೆಗಾರರು ಚಿನ್ನವನ್ನು ಕೆಲವೇ ನ್ಯಾನೊಮೀಟರಿನ ಕಣ ಮಾಡಿ ಕಬ್ಬಿಣದ ಆಕ್ಸೈಡಿನಂಥ ಆಧಾರಗಳ ಮೇಲೆ ಕೂರಿಸಿ ತೋರಿಸಿದರು. ಅದು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಕಾರ್ಬನ್ ಮೊನಾಕ್ಸೈಡನ್ನು ಸುಡ್ತಿತ್ತು. ಅದೇ ಚಿನ್ನವನ್ನು ಸರಿಯಾಗಿ ಹಿಡಿಯದ ಆಧಾರದ ಮೇಲೆ ಕೂರಿಸಿದರೆ ಕಣಗಳು ದೊಡ್ಡದಾಗಿ ಮತ್ತೆ ಅದೇ ಸೋಮಾರಿ. ಅಂಗಡಿಯಲ್ಲಿರೋ ಅಷ್ಟೂ ಚಿನ್ನಕ್ಕೆ ಬರದ ಕೆಲಸ ಒಂದು ಚಿಟಿಕೆ ಧೂಳಿಗೆ ಬರುತ್ತೆ, ಕೂರೋ ಜಾಗ ಸರಿಯಾಗಿದ್ದರೆ.

ಹಿಡಿಯೋದು ಅಂದ ಕೂಡಲೇ ಗಟ್ಟಿಯಾಗಿ ಹಿಡಿದಷ್ಟೂ ಒಳ್ಳೇದು ಅನ್ನಿಸಬಹುದು. ಹಾಗೂ ಅಲ್ಲ. 1978ರಲ್ಲಿ ಅಮೆರಿಕದ ಎಕ್ಸಾನ್ ಕಂಪನಿಯ ಟಾಸ್ಟರ್ ಮತ್ತು ಸಂಗಡಿಗರು ಒಂದು ವಿಚಿತ್ರ ವರದಿ ಮಾಡಿದರು. ಟೈಟಾನಿಯಾ ಅನ್ನೋ ಆಧಾರದ ಮೇಲೆ ಪ್ಲಾಟಿನಮ್ಮಿನಂಥ ಲೋಹಗಳನ್ನು ಕೂರಿಸಿ, ಹೈಡ್ರೋಜನ್‌ನಲ್ಲಿ 500 ಡಿಗ್ರಿಗೆ ಕಾಯಿಸಿದರೆ, ಕಣಗಳು ಬೆಳೆಯೋದಿಲ್ಲ. ಸಣ್ಣದಾಗೇ ಇರ್ತವೆ. ಆದರೆ ಹೈಡ್ರೋಜನ್ನನ್ನು ಮುಟ್ಟೋದೇ ಬಿಟ್ಟುಬಿಡ್ತವೆ. ಆಮೇಲೆ ಗೊತ್ತಾಯ್ತು, ಆಧಾರವೇ ತೆಳ್ಳಗೆ ಹರಿದು ಬಂದು ಕಣದ ಮೇಲೆ ಹೊದಿಕೆ ಹಾಕಿಬಿಡುತ್ತೆ ಅಂತ. ರೋಡಿಯಮ್ ಇನ್ನೂ ಒಂದು ಹೆಜ್ಜೆ ಮುಂದೆ: ಬಿಸಿ ಗಾಳಿಯಲ್ಲಿ ಅಲ್ಯೂಮಿನಾದೊಳಗೇ ಇಳಿದು ಸಿಕ್ಕಿಕೊಳ್ಳುತ್ತೆ. ಅದಕ್ಕೇ ಅದನ್ನು ಜಿರ್ಕೋನಿಯಾ ಇರೋ ಬೇರೆ ಲೇಪದ ಮೇಲೆ ಕೂರಿಸೋದುಂಟು. ಪ್ರೀತಿ ಜಾಸ್ತಿಯಾಗಿ ಮಕ್ಕಳನ್ನು ಮನೆಯಿಂದ ಹೊರಗೇ ಬಿಡದ ಅಪ್ಪ ಅಮ್ಮಂದಿರನ್ನು ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಇಷ್ಟು ಹಿಡಿದು, ಅಷ್ಟು ಬಿಡೋ ಆಧಾರ ಬೇಕು. ಕಾರುಗಳಲ್ಲಿ ಆ ಕೆಲಸ ಮಾಡೋದು ಸೀರಿಯಾ, ಅಂದ್ರೆ ಸೀರಿಯಮ್ ಆಕ್ಸೈಡ್. ತಿಳಿ ಹಳದಿ ಪುಡಿ. ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇದ್ದಾಗ ಇಟ್ಟುಕೊಳ್ಳುತ್ತೆ, ಕಮ್ಮಿ ಆದಾಗ ಕೊಡುತ್ತೆ. ಜೊತೆಗೆ ಪ್ಲಾಟಿನಮ್ಮನ್ನು ಆಮ್ಲಜನಕದ ಕೊಂಡಿ ಹಾಕಿ ಕೂರಿಸಿಕೊಳ್ಳುತ್ತೆ. ಟೊಯೋಟಾದವರು 2006ರಲ್ಲಿ ಹೋಲಿಸಿ ತೋರಿಸಿದ್ದರು: ಗಾಳಿಯಲ್ಲಿ 800 ಡಿಗ್ರಿಗೆ ಕಾಯಿಸಿದಾಗ ಅಲ್ಯೂಮಿನಾ ಮೇಲಿನ ಪ್ಲಾಟಿನಮ್ ಕಣಗಳು ದಪ್ಪಗಾದವು, ಸೀರಿಯಾ ಬೆರೆತ ಆಧಾರದ ಮೇಲಿನವು ಬೆಳೆಯಲಿಲ್ಲ.

ಈ ಕತೆಯಲ್ಲಿ ನಮ್ಮೂರಿನವರದ್ದೂ ಒಂದು ಅಧ್ಯಾಯ ಇದೆ. ಅದನ್ನು ಓದಿಯೇ ನಾನು ಈ ವಿಷಯಕ್ಕೆ ಬಿದ್ದದ್ದು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಕೆ.ಸಿ. ಪಾಟೀಲರು 1988ರಲ್ಲಿ ತಮ್ಮ ವಿದ್ಯಾರ್ಥಿಯ ಜೊತೆ ಒಂದು ವಿಧಾನ ಪ್ರಕಟಿಸಿದರು. ಅಲ್ಯೂಮಿನಿಯಮ್ ನೈಟ್ರೇಟನ್ನೂ ಯೂರಿಯಾವನ್ನೂ (ಹೌದು, ಹೊಲಕ್ಕೆ ಹಾಕೋದೇ) ನೀರಲ್ಲಿ ಕಲಸಿ 500 ಡಿಗ್ರಿ ಕುಲುಮೆಯಲ್ಲಿಡೋದು. ಕುದಿಯುತ್ತೆ, ನೊರೆ ಉಕ್ಕುತ್ತೆ, ಧಗ್ಗನೆ ಹೊತ್ತಿಕೊಳ್ಳುತ್ತೆ. ಐದು ನಿಮಿಷದೊಳಗೆ ಪಾತ್ರೆ ತುಂಬಾ ಬೆಳ್ಳಗೆ ಉಬ್ಬಿದ ಅಲ್ಯೂಮಿನಾ. ಇಂಥ ಪುಡಿಗಳಿಗೆ ಗಂಟೆಗಟ್ಟಲೆ ಒಲೆ ಉರಿಸಬೇಕಿದ್ದ ಕಾಲ ಅದು.

ಅದೇ ಸಂಸ್ಥೆಯ ಎಂ.ಎಸ್. ಹೆಗಡೆಯವರು ಈ ಬೆಂಕಿ ವಿಧಾನದಲ್ಲೇ ಸೀರಿಯಾ ಮಾಡುವಾಗ ಅದರೊಳಗೆ ಒಂದೆರಡು ಶೇಕಡ ಪಲ್ಲೇಡಿಯಮ್ ಸೇರಿಸಿದರು. ಲೋಹ ಮೇಲೆ ಕಣವಾಗಿ ಕೂರಲಿಲ್ಲ. ಸೀರಿಯಮ್ ಇರಬೇಕಾದ ಜಾಗದಲ್ಲಿ ಒಂದೊಂದೇ ಅಯಾನಾಗಿ ಹರಳಿನೊಳಗೆ ಸೇರಿಕೊಂಡಿತು. ಅಷ್ಟೇ ಪಲ್ಲೇಡಿಯಮ್ಮನ್ನು ಕಣಗಳಾಗಿ ಹರಡಿದ್ದಕ್ಕಿಂತ ಇದು ಚುರುಕು ಅನ್ನೋದು ಅವರ ಗುಂಪಿನ ಫಲಿತಾಂಶ. ಕಾರಿನ ಜೇನುಗೂಡು ಕಲ್ಲಿನ ಮೇಲೂ ಇದನ್ನು ಲೇಪಿಸಿ ತೋರಿಸಿದರು. ಹೆಗಡೆ, ಗಿರಿಧರ್ ಮದ್ರಾಸ್, ಪಾಟೀಲ್ ಮೂವರೂ ಸೇರಿ 2009ರಲ್ಲಿ ಇದನ್ನೆಲ್ಲ ಒಂದು ಲೇಖನದಲ್ಲಿ ಜೋಡಿಸಿ ಬರೆದರು.

ಅದನ್ನು ಮೊದಲ ಸಲ ಓದಿದಾಗ ನಾನು ಬೆರಗಾದದ್ದು ಒಂದೇ ಕಾರಣಕ್ಕೆ. ಎಲ್ಲರೂ ಕಣ ಬೆಳೆಯದ ಹಾಗೆ ತಡೆಯೋದು ಹೇಗೆ ಅಂತ ಒದ್ದಾಡ್ತಿದ್ದರೆ, ಇವರು ಕಣವೇ ಬೇಡ ಅಂದರು. ಗುಂಪು ಕಟ್ಟೋಕೆ ಗುಂಪೇ ಇಲ್ಲ. ಕೂರೋ ಜಾಗ, ಕೂರೋರು ಅನ್ನೋ ಭೇದವೇ ಇಲ್ಲ.

ಮೆಟ್ರೋದಲ್ಲಿ ಕೂತಾಗ ಮೊಬೈಲಿಗೆ ಆಫೀಸಿನ ಮೇಲ್ ಬಂತು. ಅಪ್ರೈಸಲ್ ಫಾರ್ಮ್. ಮೊದಲ ಪ್ರಶ್ನೆ: ಈ ವರ್ಷ ನಿಮ್ಮ ಗ್ರೋತ್ ಏನು? ನಮ್ಮ ಆಫೀಸಿನಲ್ಲಿ ಗ್ರೋತ್ ಅನ್ನೋದು ದೇವರ ಹೆಸರಿದ್ದ ಹಾಗೆ, ಮೀಟಿಂಗ್ ಶುರುವಲ್ಲಿ ಒಂದು ಸಲ, ಕೊನೆಗೆ ಒಂದು ಸಲ ಹೇಳಲೇಬೇಕು. ಲ್ಯಾಬಿನಲ್ಲಿ ಅದು ಕೆಟ್ಟ ಸುದ್ದಿಯ ಹೆಸರಾಗಿತ್ತು. ರಾತ್ರಿ ಎರಡು ಗಂಟೆಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಮುಂದೆ ಕೂತು, ಕಾಯಿಸಿದ ಸ್ಯಾಂಪಲ್ ನೋಡಿ, ಬೂದು ಬಣ್ಣದ ನಡುವೆ ಕಪ್ಪು ಚುಕ್ಕೆಗಳು ದಪ್ಪ ದಪ್ಪ ಕಂಡರೆ ಪಕ್ಕದಲ್ಲಿದ್ದ ಗೆಳೆಯ ನಿಟ್ಟುಸಿರು ಬಿಡ್ತಿದ್ದ: "ಗ್ರೋತ್ ಆಗಿದೆ ಗುರೂ." ಅಂದ್ರೆ ಎರಡು ತಿಂಗಳ ಕೆಲಸ ಹೋಯ್ತು ಅಂತ. ಆಗ ನಾವು ಲೋಹ ಬದಲಾಯಿಸ್ತಿರಲಿಲ್ಲ. ಲೋಹಕ್ಕೆ ಬೈದು ಪ್ರಯೋಜನ ಇಲ್ಲ, ಶಾಖ ಕೊಟ್ಟರೆ ಅದು ಓಡಾಡೋದೇ. ಆಧಾರ ಬದಲಾಯಿಸ್ತಿದ್ದೆವು.

ಹಲಸೂರಲ್ಲಿ ಇಳಿಯೋ ಬದಲು ಸೀದಾ ಕೆ.ಆರ್. ಪುರಕ್ಕೆ ಹೋದೆ, ಅಪ್ಪನ ಮನೆಗೆ. ದಾರಿಯಲ್ಲಿ ಟಿನ್ ಫ್ಯಾಕ್ಟರಿ ಬಸ್ ಸ್ಟಾಪು ಮೇಲಿಂದ ಕಾಣಿಸ್ತು. ಸಂಜೆ ಆರೂವರೆ. ಕರ್ಚೀಫು, ದುಪಟ್ಟಾ, ಸೀರೆ ಸೆರಗು ಮೂಗಿಗೆ ಹಿಡಿದು ನಿಂತ ಜನ. ಬಸ್ಸಿಗೆ ಕಾಯೋರ ಎದೆಯ ಎತ್ತರಕ್ಕೆ ಹೊಗೆ. ಭಾಯ್ ಹೇಳಿದ ಖಾಲಿ ಡಬ್ಬಿ ಪ್ಲಾನಿಗೆ ನಾನು ಗಲ್ಲಿಯಲ್ಲಿ ನಿಂತಾಗ ಮುಕ್ಕಾಲುವಾಸಿ ಒಪ್ಪಿದ್ದೆ ಅನ್ನೋದು ಆಗ ನನಗೇ ಗೊತ್ತಾಯ್ತು. ಇಷ್ಟೆಲ್ಲ ಅವರಿಗೆ ಪಾಠ ಮಾಡಿದ್ದೂ ಒಂದು ಥರ ಅದನ್ನು ಮುಚ್ಚಿಕೊಳ್ಳೋಕೆ. ಕಾನೂನಿನಲ್ಲಿ ಅದು ತಪ್ಪು ಅಂತ ಗೊತ್ತಿತ್ತು. ಆ ಬಸ್ ಸ್ಟಾಪಿನಲ್ಲಿ ಮೂವತ್ತು ವರ್ಷ ಅಪ್ಪನೂ ನಿಂತಿದ್ದರು ಅನ್ನೋದನ್ನು ಮಾತ್ರ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಪ್ಪ ಟೀವಿ ನೋಡ್ತಾ ಕೂತಿದ್ದರು. "ಕಾರೆಲ್ಲೋ?"

ಹೇಳಿದೆ. ಕ್ಯಾಟ್‌ಕಾನ್ ಹೋಗಿದೆ, ಹೊಸದು ಹಾಕಿಸಬೇಕು, ಇಷ್ಟಾಗುತ್ತೆ.

"ಹಳೇದಾಗಿತ್ತು ಬಿಡು. ಹದಿನೈದು ವರ್ಷ" ಅಂದರು.

ಅಲ್ಲಿಗೆ ಬಿಡಬಹುದಿತ್ತು. ಹಳೇದಾಗಿತ್ತು ಅನ್ನೋದೂ ಸುಳ್ಳಲ್ಲ. ವರ್ಷಗಳ ಶಾಖಕ್ಕೆ ಎಲ್ಲ ಡಬ್ಬಿಯಲ್ಲೂ ಕಣಗಳು ನಿಧಾನವಾಗಿ ಬೆಳೀತಾನೇ ಇರ್ತವೆ. ಆದರೆ ಮೊದಲ ಟೆಸ್ಟಿನ ಚೀಟಿ ಜೇಬಲ್ಲೇ ಇತ್ತು.

"ಅದಕ್ಕಲ್ಲಪ್ಪ. ಮಿಸ್ಸಿಂಗ್ ಹೊಡೀತಿತ್ತು, ನಾಲ್ಕು ತಿಂಗಳು ನೋಡ್ಲಿಲ್ಲ ನಾನು. ಪೆಟ್ರೋಲ್ ಹೋಗಿ ಅದರಲ್ಲೇ ಉರಿದಿದೆ."

ಅವರು ಟೀವಿ ಸೌಂಡ್ ಕಮ್ಮಿ ಮಾಡಿದರು. ಬೈತಾರೆ ಅಂದುಕೊಂಡೆ. "ನಿಂಗೆ ಗೊತ್ತಿರಲಿಲ್ವಾ?" ಅಂತ ಕೇಳಿದರು, ನಿಜವಾಗಲೂ ತಿಳ್ಕೊಳ್ಳೋ ದನಿಯಲ್ಲಿ.

"ಗೊತ್ತಿತ್ತು."

"ಹ್ಞೂಂ" ಅಂದು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, "ನೀನು ಓದಿದ್ದು ಅದನ್ನೇ ಅಲ್ವೇನೋ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ಊಟಕ್ಕೆ ಕರೆದಳು.

ಮಾರನೇ ವಾರ ಹೊಸ ಕನ್ವರ್ಟರ್ ಬಂತು. ಭಾಯ್ ಬೇಜಾರೇನೂ ಮಾಡಿಕೊಳ್ಳಲಿಲ್ಲ, ಕೂಲಿ ಸ್ವಲ್ಪ ಕಮ್ಮಿಯೇ ತಗೊಂಡರು. ಹಳೇ ಡಬ್ಬಿ ಗುಜರಿಗೆ ಹೋಯ್ತು. ಅಲ್ಲಿಂದ ಮುಂದೆ ಯಾರಾದರೂ ಪುಡಿ ಮಾಡಿ, ಕರಗಿಸಿ, ಲೋಹ ಬೇರ್ಪಡಿಸ್ತಾರೆ. ಮತ್ತೆ ಸಣ್ಣ ಕಣ ಮಾಡಿ, ಮತ್ತೆ ಯಾವುದೋ ಆಧಾರದ ಮೇಲೆ ಕೂರಿಸ್ತಾರೆ. ಲೋಹಕ್ಕೆ ಆ ಭಾಗ್ಯ ಇದೆ. ಹುಡುಗನ ವ್ಯಾನಿನ ಮುಂದೆ ಕ್ಯೂ ನಿಂತೆ. ಕಾರ್ಬನ್ ಮೊನಾಕ್ಸೈಡ್ 0.1.

"ಪಾಸ್ ಸಾರ್." ಈ ಸಲ ತಲೆ ಎತ್ತಿ ಹೇಳಿದ.

ಸರ್ಟಿಫಿಕೇಟ್ ತೋರಿಸೋಕೆ ಮನೆಗೆ ಹೋದಾಗ ಅಪ್ಪ ಡೈರಿ ತರೋಕೆ ಹೇಳಿದರು. ಡ್ಯಾಶ್‌ಬೋರ್ಡಿನಿಂದ ತಂದು ಕೊಟ್ಟೆ. ಕೊನೆಯ ನಮೂದು ಅವರದ್ದೇ, ಎರಡು ವರ್ಷದ ಹಿಂದಿನದ್ದು. ಆಮೇಲೆ ಖಾಲಿ. ಕನ್ನಡಕ ಹಾಕಿಕೊಂಡು ತಾರೀಕು ಬರೆದರು. ಕಿಲೋಮೀಟರ್ ಎಷ್ಟು ಅಂತ ನನ್ನನ್ನು ಕೇಳಿ ಬರೆದರು. 'ಕ್ಯಾಟ್‌ಕಾನ್ ಹೊಸದು, ಪ್ಲಗ್, ಕಾಯಿಲ್' ಅಂತ ಬರೆದರು. 'ಯಾಕೆ' ಕಾಲಂ ಬಂದಾಗ ಪೆನ್ನು ನನ್ನ ಕಡೆ ಚಾಚಿದರು.

ಏನು ಬರೀಬೇಕು ಅಂತ ಸ್ವಲ್ಪ ಹೊತ್ತು ಕೂತೆ. ಸಿಂಟರಿಂಗ್ ಅಂತ ಬರೀಬಹುದಿತ್ತು, ಅದು ಸರಿಯಾದ ಪದ. 'ಮಿಸ್ಸಿಂಗ್ 4 ತಿಂಗಳು ರಿಪೇರಿ ಮಾಡಿಸಲಿಲ್ಲ' ಅಂತ ಬರೆದೆ. ಅಪ್ಪ ಓದಿ, ಡೈರಿ ಮುಚ್ಚಿ, ನನ್ನ ಕೈಗೆ ಕೊಟ್ಟರು.

"ಇನ್ಮೇಲೆ ನೀನೇ ಬರಿ" ಅಂದರು.